ಎಸ್‌ಎಸ್‌ಎಲ್‌ಸಿ ನಂತರ ಪಿಸಿಎಂಬಿಯೋ, ಪಿಸಿಎಂಸಿಯೋ, ಇಂಟಿಗ್ರೇಟೆಡ್ ಕಾಲೇಜೋ, ಡಿಪ್ಲೊಮಾನೋ? ವಾಟ್ಸಾಪ್ ಮಾತುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದಿಂದ ದಾವಣಗೆರೆ, ಹರಿಹರದ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದೇ ಬಗೆಯ ಮೆಸೇಜುಗಳು ಓಡಾಡತೊಡಗುತ್ತವೆ. ಪಿಸಿಎಂಬಿ ತಗೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತವೆ ಎಂದು ಒಂದು ಮೆಸೇಜ್ ಹೇಳಿದರೆ, ಪಿಸಿಎಂಸಿ ಓದದವರಿಗೆ ಕಂಪ್ಯೂಟರ್ ಸೈನ್ಸ್ ಸೀಟೇ ಸಿಗಲ್ಲ ಎಂದು ಇನ್ನೊಂದು ಹೇಳುತ್ತದೆ. ನೀಟ್ ಬರೆಯುವವರು ಸಿಬಿಎಸ್‌ಇಗೆ ಹೋಗಲೇಬೇಕು, ಡಿಪ್ಲೊಮಾ ಅಂದರೆ ಓದು ಅಲ್ಲಿಗೇ ಮುಗಿಯಿತು, ಪಿಯು ಅಂಕಕ್ಕೆ ಬೆಲೆ ಇಲ್ಲ ಎಂಬ ಮಾತುಗಳೂ ಜೊತೆಗಿರುತ್ತವೆ. ಕೊನೆಗೆ ಒಂದು ಕಾಲೇಜಿನ ಹೆಸರು, ಒಂದು ಫೋನ್ ನಂಬರ್.

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಇವನ್ನು ನಂಬಿ ಮನೆಯವರು ಸಾಲ ಮಾಡಿ ಎರಡು ವರ್ಷದ ಫೀ ಕಟ್ಟುವುದು, ಮಗು ತನಗೆ ಒಗ್ಗದ ವಿಷಯದಲ್ಲಿ ಸಿಕ್ಕಿಕೊಳ್ಳುವುದು ಪ್ರತಿ ವರ್ಷ ನಡೆಯುತ್ತಿದೆ. ಆದ್ದರಿಂದ ಒಂದೊಂದೇ ಮಾತನ್ನು ತೆಗೆದುಕೊಂಡು ನಿಯಮ ಏನು ಹೇಳುತ್ತದೆ ಎಂದು ನೋಡೋಣ.

ಪಿಸಿಎಂಬಿ ತಗೊಂಡರೆ ಎರಡೂ ಕಡೆ ಸೇಫ್?

ಇದು ಮುಕ್ಕಾಲು ಪಾಲು ನಿಜ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಓದಿದವರು ನೀಟ್ ಬರೆಯಬಹುದು, ಜೆಇಇ ಬರೆಯಬಹುದು, ರಾಜ್ಯದ ಸಿಇಟಿಯಲ್ಲಿ ನಾಲ್ಕೂ ಪತ್ರಿಕೆಗಳಿಗೆ ಕೂರಬಹುದು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಮಾತ್ರವಲ್ಲ, ಕೃಷಿ ವಿಜ್ಞಾನ, ಫಾರ್ಮಸಿ, ನರ್ಸಿಂಗ್, ಯೋಗ ಮತ್ತು ನ್ಯಾಚುರೋಪಥಿ ಇಂಥ ದಾರಿಗಳೂ ತೆರೆದಿರುತ್ತವೆ. ನಮ್ಮ ಜಿಲ್ಲೆಯಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಬೆಳೆಯುವ ಮನೆಗಳ ಮಕ್ಕಳೇ ಹೆಚ್ಚು. ಬಿಎಸ್ಸಿ ಕೃಷಿ ಸೀಟುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಪಕ್ಕದ ಶಿವಮೊಗ್ಗದಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಇಷ್ಟಿದ್ದರೂ ಫಾರ್ವರ್ಡ್‌ಗಳಲ್ಲಿ ಕೃಷಿಯ ಹೆಸರು ಬರುವುದೇ ಅಪರೂಪ. ನೀಟ್ ಕೋಚಿಂಗ್ ಮಾರಿದಷ್ಟು ಸುಲಭವಾಗಿ ಅದನ್ನು ಮಾರಲಾಗುವುದಿಲ್ಲ, ಬಹುಶಃ ಅದೇ ಕಾರಣ.

ಉಳಿದ ಕಾಲು ಪಾಲನ್ನು ಯಾರೂ ಹೇಳುವುದಿಲ್ಲ. ನೀಟ್ ಮತ್ತು ಜೆಇಇ ಎರಡಕ್ಕೂ ಒಟ್ಟಿಗೆ ತಯಾರಾಗುವುದು ಹೆಚ್ಚಿನ ಮಕ್ಕಳಿಗೆ ಆಗುವ ಕೆಲಸವಲ್ಲ. ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕ. ಅದರಲ್ಲಿ 90 ಪ್ರಶ್ನೆ, ಅಂದರೆ ಸರಿಯಾಗಿ ಅರ್ಧ, ಜೀವಶಾಸ್ತ್ರದ್ದು. ಗಣಿತ ಅಲ್ಲಿ ಇಲ್ಲವೇ ಇಲ್ಲ. ಜೆಇಇ ಮೇನ್‌ನಲ್ಲಿ ಮೂರನೇ ಒಂದು ಭಾಗ ಗಣಿತ, ಜೀವಶಾಸ್ತ್ರಕ್ಕೆ ಅಲ್ಲಿ ಜಾಗವಿಲ್ಲ. ಹೆಸರಿಗೆ ಎರಡೂ ಕಡೆ ಭೌತಶಾಸ್ತ್ರ ಇದ್ದರೂ ಪ್ರಶ್ನೆ ಕೇಳುವ ರೀತಿ ಬೇರೆ. ಜೀವಶಾಸ್ತ್ರದ ಪುಸ್ತಕ ತೆರೆದರೇ ನಿದ್ದೆ ಬರುತ್ತದೆ ಎನ್ನುವ ಹುಡುಗನಿಗೆ ಸೇಫ್ಟಿಗಾಗಿ ಎಂದು ಪಿಸಿಎಂಬಿ ಕೊಡಿಸಿದರೆ, ಆ ವಿಷಯಕ್ಕೆ ಹೋಗುವ ಸಮಯ ಗಣಿತದಿಂದ ಕಿತ್ತುಕೊಂಡದ್ದೇ ಆಗಿರುತ್ತದೆ.

ನಮ್ಮ ಅಭಿಪ್ರಾಯ ಇಷ್ಟು. ಮಗುವಿಗೆ ಇನ್ನೂ ಏನೂ ನಿಶ್ಚಯವಾಗಿಲ್ಲ, ಜೀವಶಾಸ್ತ್ರವೂ ಇಷ್ಟವೇ ಎಂದರೆ ಪಿಸಿಎಂಬಿ ಒಳ್ಳೆಯದು. ಎಂಜಿನಿಯರಿಂಗ್ ಎಂದು ಗಟ್ಟಿಯಾಗಿದ್ದರೆ ಬೇಡದ ಭಾರ ಹೊರಿಸಬೇಡಿ.

ಇಲ್ಲೇ ಇನ್ನೊಂದು ಮಾತು. ಪಿಯುನಲ್ಲಿ ಜೀವಶಾಸ್ತ್ರ ಬಿಟ್ಟರೆ ಜೀವಮಾನದಲ್ಲಿ ಮತ್ತೆ ನೀಟ್ ಬರೆಯುವಂತಿಲ್ಲ ಎಂಬ ಮೆಸೇಜ್ ಈಗಲೂ ತಿರುಗುತ್ತಿದೆ. ಅದು ಹಳೆಯ ನಿಯಮ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪ್ರಕಟಣೆಯ ಪ್ರಕಾರ, 12ನೇ ತರಗತಿ ಪಾಸಾದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ಅರ್ಹರು. ದಾರಿ ಇದೆ, ಆದರೆ ಒಂದು ವರ್ಷ ಹೆಚ್ಚು ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಪಿಸಿಎಂಸಿ ಇಲ್ಲದಿದ್ದರೆ ಕಂಪ್ಯೂಟರ್ ಸೈನ್ಸ್ ಸೀಟಿಲ್ಲ?

ಸುಳ್ಳು. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಮಾತ್ರ. ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಆ ಬ್ರಾಂಚಿನಲ್ಲಿ ಯಾವ ಆದ್ಯತೆಯೂ ಇಲ್ಲ. ಪಿಸಿಎಂಬಿಯವರು, ಎಲೆಕ್ಟ್ರಾನಿಕ್ಸ್ ಓದಿದವರು, ಸಂಖ್ಯಾಶಾಸ್ತ್ರ ಓದಿದವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ದಾವಣಗೆರೆಯ ಬಿಐಇಟಿಗೆ ಹೋಗಲಿ, 1951ರಲ್ಲಿ ಶುರುವಾದ ಯುಬಿಡಿಟಿಗೆ ಹೋಗಲಿ, ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ಅನ್ನು ಮೊದಲಿನಿಂದಲೇ ಹೇಳಿಕೊಡುತ್ತಾರೆ. ಪಿಸಿಎಂಸಿಯ ಲಾಭ ಎಂದರೆ ವಿಷಯದ ಪರಿಚಯ ಎರಡು ವರ್ಷ ಮೊದಲೇ ಆಗುತ್ತದೆ, ಜೀವಶಾಸ್ತ್ರಕ್ಕಿಂತ ಓದುವ ಹೊರೆ ಕಡಿಮೆ. ಅಷ್ಟೇ.

ಸಿಇಟಿ ಇದ್ದಮೇಲೆ ಪಿಯು ಅಂಕಕ್ಕೆ ಬೆಲೆ ಎಲ್ಲಿದೆ?

ಇದು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಮಾತು, ಸ್ವಲ್ಪ ನಿಧಾನವಾಗಿ ನೋಡಬೇಕು. ಉತ್ತರ ಯಾವ ಪರೀಕ್ಷೆ ಎಂಬುದರ ಮೇಲೆ ನಿಂತಿದೆ.

ನೀಟ್‌ನಲ್ಲಿ ರ‍್ಯಾಂಕ್ ಕೊಡುವಾಗ ಪಿಯು ಅಂಕ ನೋಡುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಎಸ್‌ಸಿ, ಎಸ್‌ಟಿ, ಒಬಿಸಿಗೆ ಶೇ 40 ಇದ್ದರೆ ಸಾಕು. ಜೆಇಇ ಮೂಲಕ ಐಐಟಿ ಅಥವಾ ಸುರತ್ಕಲ್‌ನ ಎನ್‌ಐಟಿಕೆಯಂಥ ಕಾಲೇಜಿಗೆ ಹೋಗಬೇಕಾದರೆ 12ನೇ ತರಗತಿಯಲ್ಲಿ ಶೇ 75 ಬೇಕು, ಎಸ್‌ಸಿ, ಎಸ್‌ಟಿಗೆ ಶೇ 65, ಇಲ್ಲವೇ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು. ಈ ನಿಯಮ ಗೊತ್ತಿಲ್ಲದೆ ರ‍್ಯಾಂಕ್ ಬಂದೂ ಸೀಟು ಕಳೆದುಕೊಳ್ಳುವ ಅಪಾಯ ಇದೆ.

ಆದರೆ ದಾವಣಗೆರೆ, ಹರಿಹರದ ಹೆಚ್ಚಿನ ವಿಜ್ಞಾನ ವಿದ್ಯಾರ್ಥಿಗಳು ಕೊನೆಗೆ ಹೋಗುವುದು ರಾಜ್ಯದ ಸಿಇಟಿ ಮೂಲಕ ಎಂಜಿನಿಯರಿಂಗ್‌ಗೆ. ಅಲ್ಲಿ ಪಿಯು ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ. ಪಿಯುನ ಮೂರು ವಿಷಯಗಳ 300 ಅಂಕವನ್ನು 50ಕ್ಕೆ ಇಳಿಸುತ್ತಾರೆ, ಸಿಇಟಿಯ ಮೂರು ಪತ್ರಿಕೆಗಳ 180 ಅಂಕವನ್ನೂ 50ಕ್ಕೆ ಇಳಿಸುತ್ತಾರೆ.

ಒಂದು ಲೆಕ್ಕ ಹಾಕೋಣ. ಒಬ್ಬಳಿಗೆ ಪಿಯುನಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 100 ಬಂತು. 47.5 ಮತ್ತು 27.78 ಸೇರಿ 75.28. ಇನ್ನೊಬ್ಬ ಪಿಯು ಕಡೆ ತಲೆ ಹಾಕದೆ ಬರೀ ಸಿಇಟಿ ಓದಿದ. ಪಿಯುನಲ್ಲಿ 225, ಸಿಇಟಿಯಲ್ಲಿ 115. 37.5 ಮತ್ತು 31.94 ಸೇರಿ 69.44. ಸಿಇಟಿಯಲ್ಲಿ 15 ಅಂಕ ಹೆಚ್ಚು ತೆಗೆದವನು ಸುಮಾರು 6 ಅಂಕ ಹಿಂದೆ ಬಿದ್ದ. ರ‍್ಯಾಂಕ್ ಪಟ್ಟಿಯಲ್ಲಿ 6 ಅಂಕ ಎಂದರೆ ಸಾವಿರಾರು ಜನ.

ಹಾಗಂತ ಸಿಇಟಿಯನ್ನು ಕಡೆಗಣಿಸುವಂತೆಯೂ ಇಲ್ಲ. ಮೇಲಿನ ಲೆಕ್ಕದ ಪ್ರಕಾರ ಪಿಯುನ 10 ಅಂಕ ಸಿಇಟಿಯ 6 ಅಂಕಕ್ಕೆ ಸಮ. ಪಿಯುನಲ್ಲಿ ಚೆನ್ನಾಗಿ ಓದುವ ಮಕ್ಕಳೆಲ್ಲ 270ರಿಂದ 300ರ ನಡುವೆ ಒತ್ತೊತ್ತಾಗಿ ಕೂತಿರುತ್ತಾರೆ. ಸಿಇಟಿಯಲ್ಲಿ ಅದೇ ಮಕ್ಕಳು 70ಕ್ಕೂ ಇರುತ್ತಾರೆ, 150ಕ್ಕೂ ಇರುತ್ತಾರೆ. ಆದ್ದರಿಂದ ಚೆನ್ನಾಗಿ ಓದುವವರ ನಡುವೆ ಮೇಲೆ ಕೆಳಗೆ ಮಾಡುವುದು ಸಿಇಟಿಯೇ. ಪಿಯು ಅಂಕ ಕಡಿಮೆಯಾದರೆ ಮಾತ್ರ ಅದು ಎಳೆದು ಕೆಳಗೆ ಹಾಕುತ್ತದೆ. ಇನ್ನೊಂದು ವಿಷಯ: ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ. ನೀಟ್ ತಯಾರಿಯಲ್ಲಿ ಗೊತ್ತಿಲ್ಲದ್ದನ್ನು ಬಿಟ್ಟು ಬಿಟ್ಟು ಅಭ್ಯಾಸವಾದ ಮಕ್ಕಳು ಸಿಇಟಿಯಲ್ಲೂ ಹಾಗೇ ಖಾಲಿ ಬಿಟ್ಟರೆ ನಷ್ಟ ಅವರದೇ.

ಆ 300 ಅಂಕದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಪ್ರಾಯೋಗಿಕಕ್ಕೆ 30 30, ಗಣಿತದ ಆಂತರಿಕ ಮೌಲ್ಯಮಾಪನಕ್ಕೆ 20, ಒಟ್ಟು 80 ಅಂಕ. ಲ್ಯಾಬಿಗೇ ಕಾಲಿಡದೆ ಕೋಚಿಂಗ್‌ನಲ್ಲೇ ಎರಡು ವರ್ಷ ಕಳೆಯುವ ಏರ್ಪಾಡಿಗೆ ಒಪ್ಪುವ ಮೊದಲು ಇದನ್ನು ನೆನಪಿಡಿ. ಹಾಜರಾತಿ ಶೇ 75 ಬೇಕೆಂಬ ನಿಯಮ ಪಿಯುನಲ್ಲೂ ಇದೆ, ಸಿಬಿಎಸ್‌ಇಯಲ್ಲೂ ಇದೆ.

ನೀಟ್‌ಗೆ ಸಿಬಿಎಸ್‌ಇಯೇ ಆಗಬೇಕು, ಕನ್ನಡ ಮಾಧ್ಯಮದವರಿಗೆ ಆಗಲ್ಲ?

ಎರಡೂ ತಪ್ಪು. ಕರ್ನಾಟಕದ ಪಿಯು ವಿಜ್ಞಾನ ವಿಭಾಗ 2012-13ರಿಂದಲೇ ಎನ್‌ಸಿಇಆರ್‌ಟಿ ಪಠ್ಯಕ್ಕೆ ಬಂದಿದೆ. ಸಿಬಿಎಸ್‌ಇ ಮಗು ಓದುವ ಜೀವಶಾಸ್ತ್ರದ ಅಧ್ಯಾಯಗಳನ್ನೇ ಹರಿಹರದ ಪಿಯು ಮಗುವೂ ಓದುತ್ತದೆ. ವ್ಯತ್ಯಾಸ ಇರುವುದು ಪರೀಕ್ಷೆಯ ಮಾದರಿಯಲ್ಲಿ ಮತ್ತು ಪಾಠ ಮಾಡುವವರಲ್ಲಿ.

ನೀಟ್ ಮತ್ತು ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು, ಎರಡರಲ್ಲೂ 13 ಭಾಷೆಗಳ ಆಯ್ಕೆ ಇದೆ. ಜೆಇಇ ಅಡ್ವಾನ್ಸ್‌ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆದರೆ ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಹೆಚ್ಚಿನ ಕಾಲೇಜುಗಳಲ್ಲಿ ವಿಜ್ಞಾನದ ಪಾಠ ನಡೆಯುವುದು ಇಂಗ್ಲಿಷ್‌ನಲ್ಲಿ, ಮಾದರಿ ಪರೀಕ್ಷೆಗಳೂ ಇಂಗ್ಲಿಷ್‌ನಲ್ಲಿ. ಎರಡು ವರ್ಷ ಇಂಗ್ಲಿಷ್ ಪದಗಳಲ್ಲಿ ಓದಿದ ಮಗುವಿಗೆ ಪರೀಕ್ಷೆಯ ದಿನ ಕನ್ನಡದ ಪಾರಿಭಾಷಿಕ ಪದಗಳು ಹೊಸದಾಗಿ ಕಂಡು ಗಲಿಬಿಲಿಯಾಗಬಹುದು. ಕನ್ನಡ ಪತ್ರಿಕೆ ಆರಿಸುವುದಾದರೆ ಹಿಂದಿನ ವರ್ಷಗಳ ಕನ್ನಡ ಪತ್ರಿಕೆಗಳನ್ನು ಮೊದಲೇ ಬಿಡಿಸಿ ನೋಡಿ. ನೀಟ್‌ನ ಕನ್ನಡ ಪತ್ರಿಕೆಯಲ್ಲಿ ಪಕ್ಕದಲ್ಲೇ ಇಂಗ್ಲಿಷ್ ಪ್ರಶ್ನೆಯೂ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ.

ಹಳ್ಳಿಯ ಮನೆಗಳಲ್ಲಿ ಕೇಳಿಬರುವ ಇನ್ನೊಂದು ಭಯ ಇದೆ. ಭಾನುವಳ್ಳಿಯಲ್ಲೋ ಬೆಳ್ಳೂಡಿಯಲ್ಲೋ ಓದಿದ ಮಗು ಪಿಯುಗೆ ದಾವಣಗೆರೆ ಸೇರಿದರೆ ಗ್ರಾಮೀಣ ಕೋಟಾ ಹೋಗುತ್ತದೆ, ಇಂಗ್ಲಿಷ್‌ನಲ್ಲಿ ಪಿಯು ಓದಿದರೆ ಕನ್ನಡ ಮಾಧ್ಯಮದ ಕೋಟಾ ಹೋಗುತ್ತದೆ ಎಂದು. ಹಾಗಿಲ್ಲ. ಈ ಎರಡಕ್ಕೂ ನೋಡುವುದು 1ರಿಂದ 10ನೇ ತರಗತಿಯವರೆಗಿನ ಓದನ್ನು. ಹತ್ತು ವರ್ಷವೂ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಶೇ 15ರ ಗ್ರಾಮೀಣ ಮೀಸಲಾತಿ, ಹತ್ತು ವರ್ಷವೂ ಕನ್ನಡದಲ್ಲಿ ಓದಿದ್ದರೆ ಶೇ 5ರ ಕನ್ನಡ ಮಾಧ್ಯಮ ಮೀಸಲಾತಿ ಕೇಳಬಹುದು. ಪಿಯು ಎಲ್ಲಿ, ಯಾವ ಭಾಷೆಯಲ್ಲಿ ಎಂಬುದು ಇದಕ್ಕೆ ಅಡ್ಡಿ ಬರುವುದಿಲ್ಲ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಬಿಇಒ ಸಹಿ ಮಾಡಿಸಿಟ್ಟುಕೊಳ್ಳಿ. ಸಿಇಟಿ ದಾಖಲೆ ಪರಿಶೀಲನೆ ಹೊತ್ತಿಗೆ ಓಡಾಡುವ ಬದಲು ಈ ರಜೆಯಲ್ಲೇ ಮುಗಿಸಬಹುದಾದ ಕೆಲಸ ಅದು.

ಇಂಟಿಗ್ರೇಟೆಡ್ ಕಾಲೇಜಿನ ಫ್ಲೆಕ್ಸ್ ಓದುವುದು ಹೇಗೆ?

ಪಿ.ಬಿ. ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಾ ಫ್ಲೆಕ್ಸ್‌ಗಳನ್ನು ನೋಡಿರುತ್ತೀರಿ. ಇಂಟಿಗ್ರೇಟೆಡ್ ಎಂದರೆ ಪಿಯು ಪಾಠ ಮತ್ತು ನೀಟ್, ಜೆಇಇ ಕೋಚಿಂಗ್ ಒಂದೇ ಕಟ್ಟಡದಲ್ಲಿ, ಒಂದೇ ವೇಳಾಪಟ್ಟಿಯಲ್ಲಿ. ಸಂಜೆ ಬೇರೆ ಕಡೆ ಟ್ಯೂಷನ್‌ಗೆ ಓಡುವುದು ತಪ್ಪುತ್ತದೆ, ಆ ಲಾಭ ನಿಜ. ಫ್ಲೆಕ್ಸ್ ಮೇಲಿನ ಅಂಕಿಗಳನ್ನು ಮಾತ್ರ ಹುಷಾರಾಗಿ ಓದಬೇಕು.

‘ನೀಟ್ ಅರ್ಹತೆ ಪಡೆದವರು ಇಷ್ಟು ಮಂದಿ’ ಎಂಬ ಸಾಲಿನಲ್ಲಿ ಹೆಚ್ಚು ಹುರುಳಿಲ್ಲ. ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 50ನೇ ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ಸುಮಾರು ಅರ್ಧ ಜನ ಹೇಗಿದ್ದರೂ ಅರ್ಹರಾಗಲೇಬೇಕು. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು, ಸುಮಾರು 13 ಲಕ್ಷ ಮಂದಿ ಅರ್ಹರಾದರು. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟುಗಳಿದ್ದದ್ದು ಒಂದು ಲಕ್ಷಕ್ಕೆ ಸ್ವಲ್ಪ ಹೆಚ್ಚು. ಅರ್ಹತೆ ಪಡೆದದ್ದಕ್ಕೂ ಸರ್ಕಾರಿ ಸೀಟು ಸಿಕ್ಕಿದ್ದಕ್ಕೂ ಇರುವ ದೂರ ಅಷ್ಟು. ಅದೇ ರೀತಿ ಜೆಇಇಯಲ್ಲಿ 90 ಪರ್ಸೆಂಟೈಲ್ ಎಂದರೆ ನೂರಕ್ಕೆ 90 ಅಂಕ ಎಂದಲ್ಲ. ಬರೆದವರಲ್ಲಿ ಶೇ 90 ಮಂದಿಗಿಂತ ಮೇಲೆ ಎಂದರ್ಥ. ಹತ್ತು ಲಕ್ಷ ಮಂದಿ ಬರೆದಿದ್ದರೆ ಅವರ ಮುಂದೆ ಇನ್ನೂ ಒಂದು ಲಕ್ಷ ಮಂದಿ ಇರುತ್ತಾರೆ.

ಕಾಲೇಜಿನ ಕೌಂಟರ್‌ನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಹೋದ ವರ್ಷ ಇದೇ ಬ್ಯಾಚಿಗೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಎಷ್ಟು ಮಂದಿಗೆ ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿತು? ಫೋಟೋದಲ್ಲಿರುವ ಮಗು ಎರಡು ವರ್ಷ ಇಲ್ಲೇ ಓದಿದ್ದೋ, ಪಿಯು ಮುಗಿದ ಮೇಲೆ ಒಂದು ತಿಂಗಳ ಕ್ರ್ಯಾಶ್ ಕೋರ್ಸಿಗೆ ಬಂದದ್ದೋ, ಅಥವಾ ಅದೇ ಸಂಸ್ಥೆಯ ಬೇರೆ ಊರಿನ ಶಾಖೆಯದೋ? ಬ್ಯಾಚ್ ಎ, ಬ್ಯಾಚ್ ಬಿ ಎಂದು ವಿಂಗಡಿಸುತ್ತಾರೆಯೇ, ಬಿ ಬ್ಯಾಚಿಗೂ ಅದೇ ಉಪನ್ಯಾಸಕರೇ? ಕೋಚಿಂಗ್ ಸಂಸ್ಥೆಗಳ ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ಇಂಥ ಪ್ರಶ್ನೆ ಕೇಳಲು ಸಂಕೋಚ ಬೇಡ. ಉತ್ತರ ಕೊಡಲು ಹಿಂದೆ ಮುಂದೆ ನೋಡಿದರೆ ಅದನ್ನೇ ಉತ್ತರ ಅಂದುಕೊಳ್ಳಿ.

ವೇಳಾಪಟ್ಟಿಯನ್ನೂ ಕೇಳಿ ನೋಡಿ. ಹದಿಹರೆಯದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಬೆಳಿಗ್ಗೆ 5ಕ್ಕೆ ಎಬ್ಬಿಸಿ ರಾತ್ರಿ 11ರವರೆಗೆ ಕೂರಿಸುವ ಹಾಸ್ಟೆಲ್ ಅದನ್ನು ಶಿಸ್ತು ಎಂದು ಕರೆಯಬಹುದು, ದೇಹದ ಲೆಕ್ಕದಲ್ಲಿ ಅದು ದಿನಕ್ಕೆ ಎರಡು ಮೂರು ಗಂಟೆಯ ಸಾಲ. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಓಡಾಡಿಕೊಂಡು ಓದುವ ಮಗುವಿಗೆ ಮನೆ ಊಟ ಸಿಗುತ್ತದೆ, ಆದರೆ ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಒಂದೂವರೆ ಗಂಟೆಯಾದರೂ ದಾರಿಯಲ್ಲಿ ಹೋಗುತ್ತದೆ. ಹರಿಹರದಲ್ಲೇ ವಿಜ್ಞಾನ ವಿಭಾಗ ಇರುವ ಕಾಲೇಜು ಸೇರಿ ಆ ಸಮಯ ಉಳಿಸುವುದೂ ಒಂದು ಆಯ್ಕೆ. ಮೂರನ್ನೂ ತೂಗಿ ನೋಡಿ. ಸೇರಿದ ಮೇಲೆ ಮಗು ಊಟ ಬಿಟ್ಟರೆ, ಮಾತು ಕಡಿಮೆ ಮಾಡಿದರೆ, ಬದುಕಿನ ಬಗ್ಗೆ ಬೇಸರದ ಮಾತಾಡಿದರೆ ಅಂಕದ ಚರ್ಚೆಯನ್ನು ಬದಿಗಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಡಿಪ್ಲೊಮಾ ಅಂದರೆ ಓದು ಮುಗಿಯಿತು?

ಈ ಮಾತು ಹರಿಹರದಲ್ಲಿ ಕೇಳಿದರೆ ಆಶ್ಚರ್ಯವಾಗಬೇಕು. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ತುಂಬಾ ಹೋಗುತ್ತಿದ್ದ ಕಾಲದಲ್ಲಿ, ಕೈಯಲ್ಲಿ ಕೆಲಸ ಇದ್ದವನಿಗೆ ಊರಿನಲ್ಲಿ ಮರ್ಯಾದೆ ಇತ್ತು. ಕಾರ್ಖಾನೆ ಮುಚ್ಚಿತು, ಆ ನೆನಪೂ ಮಸುಕಾಯಿತು, ಡಿಪ್ಲೊಮಾ ಎಂದರೆ ಅಂಕ ಬಾರದವರ ಜಾಗ ಎಂಬಂತಾಯಿತು.

ಲೆಕ್ಕ ನೋಡಿ. ಪಿಯು 2 ವರ್ಷ, ಎಂಜಿನಿಯರಿಂಗ್ 4 ವರ್ಷ, ಒಟ್ಟು 6. ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್ 3 ವರ್ಷ, ಆಮೇಲೆ ಡಿಪ್ಲೊಮಾ ಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದರೆ 3 ವರ್ಷ, ಅಲ್ಲೂ ಒಟ್ಟು 6. ಕೊನೆಗೆ ಸಿಗುವ ಬಿಇ ಪದವಿ ಒಂದೇ. ನಡುವೆ ಮನೆಯಲ್ಲಿ ತೊಂದರೆ ಬಂದು ಓದು ನಿಲ್ಲಿಸಬೇಕಾದರೆ ಡಿಪ್ಲೊಮಾ ಮಗುವಿನ ಕೈಯಲ್ಲಿ ಕೆಲಸ ಕೊಡುವ ಪ್ರಮಾಣಪತ್ರ ಇರುತ್ತದೆ, ಪಿಯು ವಿಜ್ಞಾನ ಮುಗಿಸಿದವರಿಗೆ ಅಂಥದ್ದಿಲ್ಲ. ದಾವಣಗೆರೆಯ ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್‌ನಂಥ ಕಡೆ ಓದುವ ಖರ್ಚು ಇಂಟಿಗ್ರೇಟೆಡ್ ಕಾಲೇಜಿನ ಪಕ್ಕದಲ್ಲಿ ಇಟ್ಟು ನೋಡುವಂಥದ್ದೇ ಅಲ್ಲ.

ಕೊರತೆಗಳೂ ಇವೆ. ಡಿಪ್ಲೊಮಾದಿಂದ ನೀಟ್ ಬರೆಯುವಂತಿಲ್ಲ, ಮನಸ್ಸು ಬದಲಾದರೆ ಹಿಂದಿರುಗುವುದು ಕಷ್ಟ. ಗಣಿತ ಗಟ್ಟಿಯಿಲ್ಲದೆ ನೇರ ಎರಡನೇ ವರ್ಷಕ್ಕೆ ಹೋದ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಒದ್ದಾಡುತ್ತಾರೆ. 16ನೇ ವಯಸ್ಸಿಗೇ ಬ್ರಾಂಚ್ ಆರಿಸಬೇಕಾಗುತ್ತದೆ. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿ ಇರುವ, ಎಂಜಿನಿಯರಿಂಗ್ ಎಂದು ಮನಸ್ಸು ಮಾಡಿರುವ ಮಗುವಿಗೆ ಇದು ಪಿಯುಗಿಂತ ಕಡಿಮೆಯ ದಾರಿ ಎಂದು ನಮಗಂತೂ ಅನಿಸುವುದಿಲ್ಲ.

ಎರಡು ವರ್ಷದ ಫೀ ಒಟ್ಟಿಗೆ ಕಟ್ಟಿದರೆ ವಾಪಸ್ ಬರುವುದೇ ಇಲ್ಲ?

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. 16 ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಗ್ಯಾರಂಟಿ ಎಂದು ಹೇಳಬಾರದು, ಪೂರ್ತಿ ಹಣ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು, ಹಾಸ್ಟೆಲ್ ಮತ್ತು ಮೆಸ್ ಹಣವನ್ನೂ ಸೇರಿಸಿ, 10 ದಿನದೊಳಗೆ ಹಿಂದಿರುಗಿಸಬೇಕು ಎಂದು ಅದರಲ್ಲಿದೆ. ಈ ಸಾಲುಗಳನ್ನು ಕತ್ತರಿಸಿ ‘ಹೊಸ ಕಾನೂನು ಬಂತು’ ಎಂದು ಫಾರ್ವರ್ಡ್ ಮಾಡುವವರಿದ್ದಾರೆ. ಅದು ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿ, ಅದೇ ಕಾನೂನಲ್ಲ. ಜೊತೆಗೆ ಅದು ಮಾತಾಡುವುದು ಕೋಚಿಂಗ್ ಕೇಂದ್ರದ ಬಗ್ಗೆ, ಪಿಯು ಕಾಲೇಜಿನ ಬೋಧನಾ ಶುಲ್ಕದ ಬಗ್ಗೆ ಅಲ್ಲ. ಇಂಟಿಗ್ರೇಟೆಡ್ ಕಾಲೇಜಿನಲ್ಲಿ ಎರಡೂ ಒಂದೇ ರಸೀದಿಯಲ್ಲಿ ಕಲಸಿಹೋದರೆ ಆಮೇಲೆ ಯಾವುದು ಯಾವುದು ಎಂದು ಬಿಡಿಸುವವರು ಯಾರು? ಹಾಗಾಗಿ ಕಾಲೇಜು ಶುಲ್ಕ, ಕೋಚಿಂಗ್ ಶುಲ್ಕ, ಹಾಸ್ಟೆಲ್ ಶುಲ್ಕಕ್ಕೆ ಬೇರೆ ಬೇರೆ ರಸೀದಿ ಕೇಳಿ. ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಸಾಧ್ಯವಾದರೆ ಎರಡನೇ ವರ್ಷದ ಹಣವನ್ನು ಎರಡನೇ ವರ್ಷಕ್ಕೇ ಕಟ್ಟಿ. ಕಾಂಬಿನೇಷನ್ ಬದಲಿಸಬೇಕು ಎಂದು ಮಗು ಮೊದಲ ವಾರಗಳಲ್ಲೇ ಹೇಳಿದರೆ, ದಾಖಲಾತಿ ಇನ್ನೂ ನಡೆಯುತ್ತಿರುವಾಗಲೇ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಿ.